ಸೊಪ್ಪು ಮೇಯುವ ಸದ್ದು

ಅಂದು ಬೆಳಿಗ್ಗೆಯೂ ಎಂದಿನಂತೆ ಮೊದಲು ಹೊಸ್ತಿಲ ಮೇಲಿನ ನೀಲಿ ನವಿರನ್ನು ಗುಡಿಸಿದೆ. ರಾಯದುರ್ಗದ ನಮ್ಮ ಓಣಿಯಲ್ಲಿ ಮನೆಮನೆಗೂ ಜೀನ್ಸ್ ಹೊಲಿಗೆ. ಆ ದಾರದ ಎಳೆಗಳು ರಂಗೋಲಿಯ ಮೇಲೂ ಕೂರುತ್ತವೆ, ಹಾಲಿನ ಪಾತ್ರೆಯ ಅಂಚಿನಲ್ಲೂ. ವಾರದ ರಜೆಯಾದ್ದರಿಂದ ಕೆಳಗೆ ನಮ್ಮ ಹೊಲಿಗೆ ಮಷೀನುಗಳು ನಿಂತಿದ್ದವು. ಉಗ್ಗಾಣಿಗೆ ಮಂಡಕ್ಕಿ ನೆನೆಸಿ ಹಿಂಡುತ್ತಿದ್ದಾಗ, ಪಕ್ಕದ ಮನೆಯವರು ಹಲ್ಲುಜ್ಜುವುದು ಕೂಡ ಕೇಳುತ್ತಿತ್ತು.

ನಮ್ಮವರು ಕಂಪ್ಯೂಟರಿನ ಹಿಂದೆ ತಲೆ ತೂರಿಸಿ ಕುಳಿತಿದ್ದರು. ಪೋಸ್ಟಿನಲ್ಲಿ ಬಂದಿದ್ದ ಒಂದು ಪುಟ್ಟ ಕಪ್ಪು ಡಬ್ಬಿಯನ್ನು ತೋರಿಸಿದರು.

"ಏನ್ರೀ ಅದು, ಬೆಂಕಿಪೊಟ್ಣದಂಗೈತೆ?"

"ಯುಎಸ್‌ಬಿ ಕನ್ವರ್ಟರು. ಇನ್ಮ್ಯಾಲ ಕಂಪ್ಯೂಟರಿನ ಹೊಟ್ಟಿ ಗುರುಗುಟ್ಟೋದು ಹಾಡಿನಾಗ ಕೇಳಂಗಿಲ್ಲ."

ಅಲ್ಲಿಯವರೆಗೆ ಹೆಡ್‌ಫೋನ್ ತೂತಿನಿಂದಲೇ ಆಂಪ್ಲಿಫೈಯರಿಗೆ ವೈರು ಎಳೆದಿದ್ದರು. ಯಾವ ಹಾಡು ಹಾಕಿದರೂ ಹಿಂದೆ ಗುಂಯ್ ಎನ್ನುತ್ತಿತ್ತು, ಮೌಸ್ ಅಲ್ಲಾಡಿಸಿದರೆ ಕಿರ್ರೆನ್ನುತ್ತಿತ್ತು. ಡಬ್ಬಿ ಸೇರಿಸಿ ಹೊಂದಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. "ಮೊದಲು ನಿಮ್ಮವ್ವನ ಹಾಡು," ಎಂದರು.

ತೀರಿಹೋದ ಅಮ್ಮನ ದನಿ ನನ್ನ ಬಳಿ ಉಳಿದಿರುವುದು ಅದೊಂದರಲ್ಲೇ. ನಾನು ಓದುತ್ತಿದ್ದ ಮಡಕಶಿರಾದ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಹಳ್ಳಿಯ ಹಾಡು ತರಲು ಹೇಳಿ ಟೇಪ್ ರೆಕಾರ್ಡರ್ ಕೊಟ್ಟು ಕಳಿಸಿದ್ದರು. ಒಂದು ಮಧ್ಯಾಹ್ನ ಅಮ್ಮ ರೇಷ್ಮೆ ಹುಳುವಿನ ಕೋಣೆಯಲ್ಲಿ ಹಾಡುತ್ತಿದ್ದಾಗ ನಾನು ಗುಂಡಿ ಒತ್ತಿ, ಸೊಪ್ಪು ತರಲು ತೋಟಕ್ಕೆ ಓಡಿದ್ದೆ. ಕ್ಯಾಸೆಟ್ ಸವೆಯುವ ಮೊದಲು ನಮ್ಮವರೇ ಅದನ್ನು ಕಂಪ್ಯೂಟರಿಗೆ ಇಳಿಸಿಕೊಟ್ಟಿದ್ದರು.

ಹಾಡು ಶುರುವಾಯಿತು. ಗುಂಯ್ ಎನ್ನುವುದು ಇಲ್ಲ. ಆದರೆ ಅಮ್ಮನ ದನಿಯ ಹಿಂದೆ ಸಣ್ಣ ಮಳೆ ಬಿದ್ದಂತೆ ಏನೋ ಒಂದು ಸದ್ದು.

"ಟೇಪಿನ ಸದ್ದು ಹೋಗಿಲ್ಲ ನೋಡು," ಎಂದರು ಇವರು.

ಅದು ಟೇಪಿನದಲ್ಲ. ನಾಲ್ಕನೇ ಜ್ವರ ಬಿಟ್ಟು, ಕೊನೆಯ ಪೊರೆ ಕಳಚಿ ಹಸಿದೆದ್ದ ಹುಳುಗಳು ತಟ್ಟೆಗಳ ತುಂಬ ಸೊಪ್ಪು ಮೇಯುವ ಸದ್ದು. ಎಷ್ಟೋ ವರ್ಷಗಳ ಹಿಂದೆ ಗೂಡು ಕಟ್ಟಿ ಕುದಿನೀರಿಗೆ ಹೋದ ಹುಳುಗಳು ನನ್ನ ಪಡಸಾಲೆಯಲ್ಲಿ ಮೇಯುತ್ತಿದ್ದವು. ಅಮ್ಮನ ಬಳೆ ತಟ್ಟೆಗೆ ತಾಗಿದ್ದು ಕೇಳಿತು. ಆಮೇಲೆ, ಬಹಳ ದೂರದಲ್ಲಿ, ಬಾಗಿಲಾಚೆ, ಒಂದು ಗಂಡು ದನಿ:

"ಪಾಪಾಽ..."

ಅಮ್ಮನ ಹಾಡು ಒಂದು ಉಸಿರು ನಿಂತಿತು. ಹಿಂದೆ ಕೇಳಿದಾಗಲೆಲ್ಲ ಅಲ್ಲಿ ಸಾಲು ಮರೆತಳು ಎಂದುಕೊಂಡಿದ್ದೆ. ಮತ್ತೆ, "ಪಾಪಾಽ..." ಅಮ್ಮ ಇನ್ನೂ ಗಟ್ಟಿಯಾಗಿ ಹಾಡತೊಡಗಿದಳು. ಹಾಡು ಮುಗಿಯಿತು. ಹುಳುಗಳು ಮಾತ್ರ ಇನ್ನಷ್ಟು ಹೊತ್ತು ಮೇದವು, ಟೇಪು ನಿಂತಿತು.

ಅಮ್ಮ ನನ್ನನ್ನು ಕೂಸೇ ಎನ್ನುತ್ತಿದ್ದಳು. ನನ್ನನ್ನು ಪಾಪಾ ಎಂದು ಕೊನೆಯಲ್ಲಿ ಹಾಗೆ ಎಳೆದು ಕರೆಯುತ್ತಿದ್ದವರು ಅಪ್ಪ. ದರ್ಜಿಯಾಗಿದ್ದ ಅಪ್ಪ ಬೆಂಗಳೂರಿನ ಗಾರ್ಮೆಂಟ್ಸಿಗೆ ಕಟಿಂಗ್ ಕೆಲಸಕ್ಕೆಂದು ಹೋದವರು ತಿರುಗಿ ಬರಲಿಲ್ಲ. ನಾನು ಟೇಪಿನಲ್ಲಿ ಹಾಡು ಹಿಡಿದದ್ದು ಅದರ ಮರುವರ್ಷ. "ಒಂದ್ಸಲನಾದ್ರೂ ಬಂದು ಬಾಗಿಲಾಗೆ ನಿಂತ್ಕಾಬಾರ್ದಿತ್ತಾ," ಎಂದು ಅಮ್ಮ ಸಾಯುವ ತನಕ ಹೇಳುತ್ತಿದ್ದಳು.

ನಮ್ಮ ಕಡೆ ನಡುಮಧ್ಯಾಹ್ನ ಹೊರಗಿನಿಂದ ಯಾರಾದರೂ ಕರೆದರೆ ಮೊದಲ ಎರಡು ಕರೆಗೆ ಓ ಅನ್ನುವುದಿಲ್ಲ. ಮನುಷ್ಯರಾದರೆ ಮೂರನೇ ಸಲ ಕರೆಯುತ್ತಾರೆ, ಅದಲ್ಲದ್ದು ಕರೆಯುವುದಿಲ್ಲ. ಅಮ್ಮ ಇದನ್ನು ನನಗೆ ಎಷ್ಟು ಕಲಿಸಿದ್ದಳೆಂದರೆ, ಕಾನ್ವೆಂಟಿನಲ್ಲಿ ಮೊದಮೊದಲು ಹಾಜರಿಗೂ ಮೂರನೇ ಸಲಕ್ಕೇ ಬಾಯಿ ಬಿಟ್ಟು ಬೈಸಿಕೊಂಡಿದ್ದೆ.

ಅಪ್ಪ ಬಂದಿದ್ದರೇ? ಎರಡು ಸಲ ಕರೆದು, ಒಳಗೆ ಹಾಡು ಜೋರಾದದ್ದನ್ನು ಕೇಳಿ, ಹೊರಟುಹೋದರೇ?

"ಯಾರೋ ಯಾರನ್ನೋ ಕರದಿರ್ತಾರ," ಎಂದರು ಇವರು, ನನ್ನ ಮುಖ ನೋಡಿ. "ನಿಮ್ಮ ಕಡೆ ಓಣಿಗೆ ಹತ್ತು ಮಂದಿ ಪಾಪಾ ಅದಾರ. ಇನ್ನೊಮ್ಮೆ ಹಾಕ್ಲೇನು?"

"ಬ್ಯಾಡ ಕಣ್ರೀ. ಇವತ್ತು ಬ್ಯಾಡ."

ಅವರು ಆಗಲೇ ಡಬ್ಬಿಯ ವೈರು ಕಿತ್ತು, ಎಲ್ಲ ಆರಿಸಿ ಮಲಗಿದರು. ನಾನು ಕಿಟಕಿಯ ಬಳಿ ಕುಳಿತು ಬಟ್ಟೆ ಮಡಚಿದೆ. ಮಳೆಯಿಲ್ಲದ ಬಿಸಿಲಲ್ಲೂ ಆ ಮೇಯುವ ಸದ್ದು ಕಿವಿಯಿಂದ ಹೋಗಲಿಲ್ಲ.

ಸಂಜೆ ದೀಪ ಹಚ್ಚುವಾಗ, ಮನೆಯಲ್ಲೇ ಪ್ಯಾಂಟುಗಳಿಗೆ ಕಾಜಾ ಹಾಕುವ ಪಕ್ಕದ ಮನೆಯಾಕೆ ಬಟ್ಟಲು ಹಿಡಿದು ಹೆಪ್ಪಿಗೆ ಬಂದರು. ಕೂದಲಿನಲ್ಲಿ ನೀಲಿ ಎಳೆ ಹಾಗೇ ಇತ್ತು.

"ಹಾಡು ಭಾಳ ಚಂದಿತ್ರಿ ಅಕ್ಕಾ, ನಮ್ಮನಿತನಾ ಕೇಳ್ತು," ಎಂದರು. ಹಾಲು ಕಾದಿದೆಯೇನೋ ಎಂದು ತಮ್ಮ ಮನೆಯ ಕಡೆ ಒಮ್ಮೆ ಕಿವಿಗೊಟ್ಟು, ಮೆಟ್ಟಿಲಿಳಿಯುತ್ತ ತಿರುಗಿದರು. "ಅಂದಂಗ, ಹಾಡು ನಿಂತು ಭಾಳ ಹೊತ್ತಾದ ಮ್ಯಾಲ ನಿಮ್ಮ ಬಾಗಲಾಗ ಯಾರ್ರೀ ಬಂದಿದ್ರು? ಪಾಪಾಽ ಅಂತ ಮೂರು ಸಲ ಕರದ್ರು ನೋಡ್ರಿ. ನೀವು ಒಂದಕ್ಕೂ ಓ ಅನ್ಲಿಲ್ಲ."