ಹೊಳೆಗೇರಿಗೆ ಬಸ್ಸು ಎಷ್ಟೊತ್ತಿಗೈತಿ?

ಇಲ್ಲದ ಊರಿಗೆ ಬಸ್ಸು ಕೇಳಿದವರು ನಮ್ಮ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಹೋದ ತಿಂಗಳು ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಮುಂದೆ ನಿಂತು, “ತಮ್ಮಾ, ಹೊಳೆಗೇರಿಗೆ ಬಸ್ಸು ಎಷ್ಟೊತ್ತಿಗೈತಿ?” ಅಂತ ಕೇಳೇಬಿಟ್ಟೆ. ಆತ ಬರೆಯುವುದು ಬಿಟ್ಟು ತಲೆ ಎತ್ತಿದ. “ಯಾವ ತಾಲ್ಲೂಕಬೇ ಯವ್ವಾ ಅದು?” ಅಂದ. ತಾಲ್ಲೂಕು ಯಾವುದೆಂದು ಪುಸ್ತಕದಲ್ಲಿ ಇರಲಿಲ್ಲ. “ಹಿಂದ ಹೊಳಿ ಹರೀತೈತಿ, ಮುಂದ ಹತ್ತಿ ಪ್ಯಾಟಿ ಐತಿ,” ಅಂತ ಗುರುತು ಹೇಳಿದೆ. “ಹೊಳಿ ಬೇಕಂದ್ರ ಗಳಗನಾಥದ ಬಸ್ ಹತ್ತು, ಹತ್ತಿ ಬೇಕಂದ್ರ ರಾಣೇಬೆನ್ನೂರಿಗೆ ಹೋಗು. ಎರಡೂ ಒಂದಽ ಟಿಕೀಟಿನ್ಯಾಗ ಆಗೂದಿಲ್ಲ ನೋಡು,” ಅಂದುಬಿಟ್ಟ.

ಆತ ಚೇಷ್ಟೆಗೆ ಅಂದದ್ದೇನೋ ಖರೇ. ಆದರೆ ನಾನು ಬಹಳ ದಿನದಿಂದ ಹುಡುಕುತ್ತಿದ್ದ ಉತ್ತರ ಅದರಲ್ಲೇ ಇತ್ತು. ಅದು ಆಮೇಲೆ ತಿಳಿಯಿತು.

ಸಂಗತಿ ಏನೆಂದರೆ, ನನ್ನ ಮೊಮ್ಮಗಳು ಚೈತ್ರಾ ಒಂದು ಕಾದಂಬರಿ ಬರೆದಿದ್ದಾಳೆ! ಮಗನ ಮಗಳು. ಹಾವೇರಿಯಲ್ಲಿ ಸಾಲಿ ಟೀಚರು. ಶಾಲೆಗೆ ಹೋಗುವ ವಯಸ್ಸು ಬರುವ ತನಕ ಬ್ಯಾಡಗಿಯಲ್ಲಿ ನನ್ನ ಮಡಿಲಲ್ಲೇ ಬೆಳೆದವಳು. ಆ ಕೂಸಿನ ಹೆಸರು ಈಗ ಪುಸ್ತಕದ ಮೇಲೆ ದಪ್ಪ ಅಕ್ಷರದಲ್ಲಿ ಕೂತಿದೆ. ಪುಸ್ತಕ ಕೈಗೆ ಬಂದ ದಿನದಿಂದ ನಾನು ಅದನ್ನು ಸಂತೆಯ ಚೀಲದಲ್ಲೇ ಇಟ್ಟುಕೊಂಡು ತಿರುಗುತ್ತೇನೆ. ಗಿರಣಿಯವನಿಗೆ ತೋರಿಸಿದೆ, ಬಳೆಗಾರ್ತಿಗೆ ತೋರಿಸಿದೆ, ದವಾಖಾನೆಯಲ್ಲಿ ಸೂಜಿ ಚುಚ್ಚುವ ನರ್ಸಬಾಯಿಗೂ ತೋರಿಸಿದೆ. ಆಕೆ ರಟ್ಟಿನ ಮೇಲಿನ ಹೆಸರು ಓದುತ್ತ ಚುಚ್ಚಿದಾಗ ನನಗೆ ಸೂಜಿಯ ನೋವೇ ಗೊತ್ತಾಗಲಿಲ್ಲ. ಪುಸ್ತಕದ ರಟ್ಟಿಗೆ ಈಗ ಕೊತ್ತಂಬರಿ ವಾಸನೆ ಹಿಡಿದಿದೆ. ಇರಲಿ, ನಮ್ಮ ಮನೆಯ ಪುಸ್ತಕ ಅಂತ ಗುರುತಿಗಾದರೂ ಆಯಿತು.

ನಾನು ಕಲಿತದ್ದು ನಾಲ್ಕನೇ ಇಯತ್ತೆ. ಸಾಲಿನ ಕೆಳಗೆ ಬೆರಳಿಟ್ಟುಕೊಂಡೇ ಓದಬೇಕು, ಬೆರಳು ತೆಗೆದರೆ ಅಕ್ಷರ ಎದ್ದು ಓಡಿಹೋಗುತ್ತವೆ. ನಮ್ಮ ಮನೆಯವರಿಗೆ ಕಣ್ಣು ಮಂಜು. ಹಾಗಾಗಿ ಊಟವಾದ ಮೇಲೆ ನಾನು ಗಟ್ಟಿಯಾಗಿ ಓದುವುದು, ಅವರು ಗ್ವಾಡಿಗೆ ಒರಗಿ ಕೇಳುವುದು. ಎತ್ತಿನ ಬಂಡಿಗಿಂತ ಸಾವಕಾಶ ನನ್ನ ಓದು. “ಎಲ್ಲಿಗೆ ಬಂತು?” ಅಂತ ಅವರು ಕೇಳುವುದು, “ಇನ್ನೂ ಊರ ಅಗಸಿ ಬಾಗಿಲದಾಗ ಅದೇವಿ,” ಅಂತ ನಾನು ಹೇಳುವುದು.

ಕಾದಂಬರಿಯ ಊರು ಹೊಳೆಗೇರಿ. ಎಲ್ಲಾ ಕಟ್ಟಿದ ಕತೆ ಅಂತ ಹುಡುಗಿ ಮೊದಲೇ ಹೇಳಿದ್ದಳು. ಆದರೂ ಓದುತ್ತ ಹೋದ ಹಾಗೆ ಒಂದೊಂದೇ ಗುರುತು ಹತ್ತತೊಡಗಿತು. ಮಂಡಕ್ಕಿ ಮಿರ್ಚಿ ಮಾರುವ ಗಾಡಿ ಹಾವೇರಿಯದು. ಎರಡು ಹೊಳೆ ಕೂಡುವಲ್ಲಿ ಕಲ್ಲಿನ ಗುಡಿ, ಅದು ಗಳಗನಾಥ. ಆಕೆ ಸಣ್ಣವಳಿದ್ದಾಗ ನಾನೇ ಸೊಂಟದ ಮೇಲೆ ಎತ್ತಿಕೊಂಡು ಹೋಗಿದ್ದೆ. ಜೋಳದ ಹೊಲದ ನಡುವೆ ಸೊಟ್ಟ ನಿಂತ ಬೇವಿನ ಮರ ಕರ್ಜಗಿ ದಾರಿಯದು. ಇವೆಲ್ಲವನ್ನೂ ಆಕೆ ಕೌದಿಯ ತುಂಡಿನ ಹಾಗೆ ಕತ್ತರಿಸಿ ಜೋಡಿಸಿ ಹೊಲಿದಿದ್ದಳು. ಹೊದ್ದವರಿಗೆ ಬೆಚ್ಚಗಾದರೆ ಸಾಕು. ಇದು ಯಾರ ಸೀರೆಯ ತುಂಡು ಅಂತ ನೋಡುವ ಚಟ ಮನೆಮಂದಿಗೆ ಮಾತ್ರ.

ಹಾಗೆ ನೋಡಿದರೆ ಓದುವವರೂ ಕೇಳುವವರೂ ಮಾಡುವುದು ಇದೇ ಕೆಲಸ. ನಮ್ಮ ಓಣಿಯ ಗುಡಿಯಲ್ಲಿ ಶಾಸ್ತ್ರಿಗಳು ಪುರಾಣ ಹೇಳುತ್ತ ‘ಮಹಾ ಪಟ್ಟಣ’ ಅಂದರೆ ನನ್ನ ಕಣ್ಣಿಗೆ ಬರುವುದು ಹಾವೇರಿ. ‘ಘೋರ ಅರಣ್ಯ’ ಅಂದರೆ ರಾಣೇಬೆನ್ನೂರಿನ ಕೃಷ್ಣಮೃಗದ ಅಡವಿ. ದೇವಲೋಕ ಅಂದರೆ ಯಾವುದಪ್ಪಾ ಅಂತ ಬಹಳ ದಿನ ತಿಳಿದಿರಲಿಲ್ಲ. ಆಮೇಲೆ ಗೊತ್ತಾಯಿತು, ಅದು ಒಂದು ಮದುವೆಯಲ್ಲಿ ನೋಡಿದ ದೊಡ್ಡ ಪೆಂಡಾಲು. ರಾಜರೂ ದೇವರೂ ನನ್ನ ತಲೆಯೊಳಗೆ ಈ ಮೂರು ತಾಲ್ಲೂಕು ದಾಟಿ ಹೋದವರಲ್ಲ.

ಇಷ್ಟೆಲ್ಲ ಗುರುತು ಹಿಡಿದರೂ ನನ್ನ ಮನೆ ಮಾತ್ರ ಸಿಗಲಿಲ್ಲ ನೋಡ್ರಿ.

ಕತೆಯಲ್ಲಿ ಅಂಬವ್ವ ಅಂತ ಒಬ್ಬ ಅಜ್ಜಿ ಇದ್ದಾಳೆ. ಎತ್ತರದ ಹೆಂಗಸು, ಮೂಗಿನಲ್ಲಿ ಹರಳಿನ ನತ್ತು. ಆಕೆಯದು ಮಾಳಿಗೆ ಮನೆ, ನೀಲಿ ಬಣ್ಣದ ಕಿಟಕಿ, ಹಿತ್ತಲ ಬಾಗಿಲು ತೆಗೆದರೆ ಹೊಳೆ. ನಾನೋ ಕುಳ್ಳಿ. ನಮ್ಮದು ತಗಡಿನ ಚಪ್ಪರದ ಮನೆ. ಹಿತ್ತಲ ಬಾಗಿಲು ತೆಗೆದರೆ ಪಕ್ಕದ ಮನೆಯ ಬಚ್ಚಲ ಗ್ವಾಡಿ. ಇನ್ನೂ ದೊಡ್ಡ ಸಂಗತಿ, ಇಡೀ ಹೊಳೆಗೇರಿಯಲ್ಲಿ ಒಂದೇ ಒಂದು ಮೆಣಸಿನಕಾಯಿ ಇಲ್ಲ! ಬ್ಯಾಡಗಿಯಲ್ಲಿ ತೊಟ್ಟಿಲು ತೂಗಿಸಿಕೊಂಡ ಹುಡುಗಿ. ಅಂಗಳದಲ್ಲಿ ಕೆಂಪಗೆ ರಾಶಿ ಬಿದ್ದಿರುತ್ತಿತ್ತು, ನಾನು ತೊಟ್ಟು ಬಿಡಿಸುತ್ತ ಕೂತರೆ ಪಕ್ಕದ ಖಾಲಿ ಚೀಲದ ಮೇಲೆ ಮಲಗುತ್ತಿದ್ದವಳು. ಪೇಟೆಗೆ ಬಂದ ಹೊಸಬರು ಸೆರಗು ಮೂಗಿಗೆ ಹಿಡಿದು ಸೀನುತ್ತಿದ್ದರೆ ಅವಳು ಗೊರಕೆ ಹೊಡೆಯುತ್ತಿದ್ದಳು. ಅಂಥವಳು ಹತ್ತಿ ಪೇಟೆ ಬರೆದಿದ್ದಾಳೆ.

ಆ ಹೊತ್ತಿಗೇ ರಾಣೇಬೆನ್ನೂರಿನಿಂದ ಫೋನು. ಶಾಂತಕ್ಕ, ಚೈತ್ರಾಳ ತಾಯಿಯ ತಾಯಿ, ನನ್ನ ಬೀಗತಿ. ಎತ್ತರದ ಹೆಂಗಸು. ನತ್ತಿನ ವಿಷಯ ನಾನು ಹೇಳುವುದಿಲ್ಲ.

“ಓದಿದಿರೇನ್ರಿ ಬೀಗತ್ಯಾರ? ನಮ್ಮ ಮನೀ ಹೆಂಗ ಬರದಾಳ ನೋಡ್ರಿ! ನೀಲಿ ಕಿಟಕಿ ಸೈತ ಬಿಟ್ಟಿಲ್ಲ.”

“ನಿಮ್ಮ ಹಿತ್ತಲದಾಗ ಹೊಳಿ ಯಾವಾಗ ಬಂತ್ರಿ?”

“ಮಳೆಗಾಲದಾಗ ಗಟಾರ ತುಂಬಿದ್ರ ಹೊಳೀನಽ ಬಿಡ್ರಿ! ಅದಿರ್ಲಿ, ನಿಮ್ಮ ಮೆಣಸಿನಕಾಯಿ ಎಲ್ಲೂ ಕಾಣ್ಲಿಲ್ಲಲ್ಲ? ಖಾರ ಜಾಸ್ತಿ ಆಕ್ಕೈತಿ ಅಂತ ತಗದಿರಬೇಕು.”

ನಕ್ಕೆ. ನಗಲೇಬೇಕಲ್ಲ, ಬೀಗರ ಮುಂದೆ ಅತ್ತರೆ ಮರ್ಯಾದೆಯೇ? ಆದರೆ ಫೋನಿಟ್ಟ ಮೇಲೆ ಪುಸ್ತಕ ತೆಗೆದು ಅಂಬವ್ವನ ಮನೆಯ ಪುಟಕ್ಕೆ ಮತ್ತೆ ಬೆರಳಿಟ್ಟೆ. ಪುಸ್ತಕ ಬಂದ ಸಂತೋಷ ಕೊಡ ತುಂಬುವಷ್ಟಿತ್ತು, ಅದು ಎಲ್ಲಿಗೂ ಹೋಗಲಿಲ್ಲ. ಅದರ ಪಕ್ಕದಲ್ಲಿ ಒಂದು ಸಣ್ಣ ಪ್ರಶ್ನೆ ಬಂದು ಕೂತಿತು: ಹುಡುಗಿ ಒಂದು ಊರನ್ನೇ ಕಟ್ಟಿದಳು, ಅದರೊಳಗೆ ನನಗೊಂದು ಕಟ್ಟೆಯ ಮೂಲೆಯಾದರೂ ಇಡಲಿಲ್ಲವೇ? ಆ ಮೂಲೆ ಹುಡುಕಿಕೊಂಡೇ ನಾನು ಬಸ್ ಸ್ಟ್ಯಾಂಡಿನಲ್ಲಿ ನಿಂತದ್ದು.

ಕಂಟ್ರೋಲರ್ ಹೇಳಿದ ಹಾಗೆ ರಾಣೇಬೆನ್ನೂರಿನ ಬಸ್ಸನ್ನೇ ಹತ್ತಿದೆ. ಶಾಂತಕ್ಕ ಮಂಡಕ್ಕಿ ಗಿರಮಿಟ್ಟು ಮಾಡಿಕೊಟ್ಟಳು, ಬಲಗೈ ಹಿಡಿದು ಮಾಳಿಗೆ ಹತ್ತಿಸಿದಳು, ನೀಲಿ ಕಿಟಕಿ ತೆಗೆದು ತೋರಿಸಿದಳು. ಪುಸ್ತಕದಲ್ಲಿ ಇದ್ದದ್ದು ಇದ್ದ ಹಾಗೆಯೇ ಇತ್ತು. ಸುಳ್ಳು ಹೇಳಬಾರದು, ಚಂದದ ಕಿಟಕಿ. “ಕುಂದ್ರಿ, ಅಂಬವ್ವನ ಜಾಗಾದಾಗ ಒಂದ್ಸಲ ಕುಂತು ನೋಡ್ರಿ,” ಅಂದಳು. ಕೂತೆ. ನನ್ನ ಕಾಲು ನೆಲಕ್ಕೆ ಮುಟ್ಟಲಿಲ್ಲ.

ಆ ವಾರದ ಕೊನೆಗೆ ಚೈತ್ರಾ ಬ್ಯಾಡಗಿಗೆ ಬಂದಳು. ನನ್ನನ್ನು ಯಾಕೆ ಬರೆಯಲಿಲ್ಲ ಅಂತ ಕೇಳಲು ಬಾಯಿ ಬರಲಿಲ್ಲ. ಸುತ್ತು ಬಳಸಿ ಕೇಳಿದೆ.

“ಅಲ್ಲಬೇ ತಂಗಿ, ಮೆಣಸಿನಕಾಯಿ ಯಾಕ ಬಿಟ್ಟಿ?”

“ಬೇಕಂತಽ ಬಿಟ್ಟೇನಿ ಅಜ್ಜಿ. ಬ್ಯಾಡಗಿ ಅಂದ ಕೂಡಲೇ ಎಲ್ಲಾರೂ ಮೆಣಸಿನಕಾಯಿ ಅಂತಾರ. ಅದರ ಹಿಂದಿನ ಮಂದಿ ಕಾಣೂದಽ ಇಲ್ಲ. ಅದಕ್ಕ ಒಂದೊಂದಽ ಹುಡುಕಿ ತಗದು ಒಗದೇನಿ.”

ಮಾತು ಸರಿಯಾಗಿಯೇ ಇತ್ತು. ನಾನು ತೊಟ್ಟು ಬಿಡಿಸಿದ ಹಾಗೆ ಆಕೆ ಊರಿನಿಂದ ಮೆಣಸಿನಕಾಯಿ ಬಿಡಿಸಿದ್ದಳು. “ಬರೋಬ್ಬರಿ ಮಾಡೀದಿ,” ಅಂದೆ. ಆ ರಾತ್ರಿ ಊಟವಾದ ಮೇಲೆ ಉಳಿದಿದ್ದ ಕೊನೆಯ ಪುಟ ಓದಲು ಕೂತೆ. ಮನೆಯವರು ಗ್ವಾಡಿಗೆ ಒರಗಿದರು, ಹುಡುಗಿ ನನ್ನ ತೊಡೆಯ ಮೇಲೆ ತಲೆಯಿಟ್ಟಳು.

ಕೊನೆಯ ಪುಟದಲ್ಲಿ ಅಂಬವ್ವ, ಜ್ವರ ಬಂದ ಮೊಮ್ಮಗಳ ಹತ್ತಿರ ಕೂರುತ್ತಾಳೆ. ಕೈ ಚಾಚುತ್ತಾಳೆ. ಚಾಚಿದ ಕೈಯನ್ನು ತಿರುವಿ, ಹಿಂಬದಿಯಿಂದ ಮಗುವಿನ ಗಲ್ಲ ಸವರುತ್ತಾಳೆ.

ನನ್ನ ಬೆರಳು ಆ ಸಾಲಿನ ಮೇಲೇ ನಿಂತುಬಿಟ್ಟಿತು.

ನಮ್ಮ ಓಣಿಯ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಿನವೆಲ್ಲ ತೊಟ್ಟು ಬಿಡಿಸಿದ ಕೈಗೆ ಸಾಬೂನು ಹಚ್ಚಿರಿ, ಎಣ್ಣೆ ಹಚ್ಚಿರಿ, ಮಜ್ಜಿಗೆಯಲ್ಲಿ ಅದ್ದಿರಿ. ಅಂಗೈಯ ಖಾರ ಹೋಗುವುದಿಲ್ಲ. ಆ ಕೈಯಿಂದ ಕೂಸಿನ ಮುಖ ಮುಟ್ಟುವ ಹಾಗಿಲ್ಲ. ಹಾಗಂತ ಮುಟ್ಟದೆ ಇರಲಾದೀತೇ? ನಾನು ಬಾಣಂತಿಯಾಗಿದ್ದಾಗ ನಮ್ಮ ಅತ್ತೆ ತೋರಿಸಿಕೊಟ್ಟಿದ್ದು ಇದು. ಕೈ ತಿರುವಬೇಕು. ಕಣ್ಣೀರು ಒರೆಸುವುದು, ಜ್ವರ ನೋಡುವುದು, ಮುದ್ದು ಮಾಡುವುದು, ಎಲ್ಲ ಕೈಯ ಹಿಂಬದಿಯಿಂದ. ನಾನು ಆ ಕೆಲಸ ಬಿಟ್ಟು ಎಷ್ಟೋ ಕಾಲವಾಯಿತು. ಕೈ ಮಾತ್ರ ಇನ್ನೂ ತಾನಾಗಿ ತಿರುಗುತ್ತದೆ.

“ತಂಗಿ, ಈ ಅಂಬವ್ವ ಕೈ ಯಾಕ ತಿರುವ್ಯಾಳ? ಆಕಿದು ಹತ್ತಿ ಊರಲ್ಲೇನು?”

ಚೈತ್ರಾ ಕಣ್ಣು ಮುಚ್ಚಿಕೊಂಡೇ ಹೇಳಿದಳು, “ಅಜ್ಜ್ಯಾರು ಹಂಗಽ ಸವರ್ತಾರಲ್ಲ ಅಜ್ಜಿ. ಎಲ್ಲಾ ಅಜ್ಜ್ಯಾರೂ.”

“ರಾಣೇಬೆನ್ನೂರ ಅಜ್ಜಿ?”

ಹುಡುಗಿ ಕಣ್ಣು ತೆರೆದಳು. ಎದ್ದು ಕೂತಳು. “ಇಲ್ಲ...” ಅಂದಳು. “ಆಕಿ ಅಂಗೈಲೇ...” ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡು ಹಿಂದೆ ಮುಂದೆ ತಿರುವಿ ನೋಡತೊಡಗಿದಳು, ಕಳೆದ ವಸ್ತು ಸಿಕ್ಕವರ ಹಾಗೆ. ನಮ್ಮ ಮನೆಯವರು ಗ್ವಾಡಿಯ ಕಡೆಯಿಂದ, “ಒಂದು ಮೆಣಸಿನಕಾಯಿ ಉಳದಽ ಬಿಡ್ತಲ್ಲ ಬೇ,” ಅಂದರು. ನಾವಿಬ್ಬರೂ ನಕ್ಕೆವು. ನಾನು ನಗುತ್ತಲೇ ಕಣ್ಣು ಒರೆಸಿಕೊಂಡೆ, ಕೈಯ ಹಿಂಬದಿಯಿಂದಲೇ.

ಮರುದಿನ ಶಾಂತಕ್ಕನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಕಿಟಕಿ ನಿಮ್ಮದು, ಮಾಳಿಗೆ ನಿಮ್ಮದು, ನತ್ತೂ ನಿಮ್ಮದು, ಕೈಯೊಂದು ನನ್ನದು ಅಂತ ಪಾಲು ಮಾಡಿದೆ; ಎರಡೂ ಒಂದೇ ಟಿಕೀಟಿನಲ್ಲಿ ಆಗುವುದಿಲ್ಲ ಅಂತ ಕಂಟ್ರೋಲರ್ ಅಂದದ್ದು ಇದನ್ನೇ. ಆಕೆ “ಹೌದ್ರಿ” ಅಂದಳು, ಅಷ್ಟೇ. ಬೀಗತಿಯ ಬಾಯಿಂದ ಅಷ್ಟು ಸಣ್ಣ ಮಾತು ನಾನು ಅದುವರೆಗೆ ಕೇಳಿರಲಿಲ್ಲ.

ಹೋದ ವಾರ ಹಾವೇರಿಯಲ್ಲಿ ಪುಸ್ತಕದ ಕಾರ್ಯಕ್ರಮ ಇತ್ತು. ಚೈತ್ರಾ ಮಾತಾಡಿ ಕೆಳಗಿಳಿದು ನೇರ ನಾವಿಬ್ಬರು ಅಜ್ಜಿಯರು ಕೂತಲ್ಲಿಗೆ ಬಂದಳು. ಶಾಂತಕ್ಕ ನನಗಿಂತ ಮೊದಲು ಎದ್ದಳು. ಕೈ ಚಾಚಿದಳು. ಎಲ್ಲರೆದುರು ಆ ಕೈಯನ್ನು ಸಾವಕಾಶ ತಿರುವಿ, ಹಿಂಬದಿಯಿಂದ ಹುಡುಗಿಯ ಗಲ್ಲ ಸವರಿದಳು.

“ಯಾಕ್ರಿ ಬೀಗತ್ಯಾರ, ಕೈ ಖಾರ ಆಗೇತೇನ್ರಿ?” ಅಂತ ಕಿವಿಯಲ್ಲಿ ಕೇಳಿದೆ.

“ಪುಸ್ತಕದಾಗ ಹಂಗಽ ಐತಲ್ರಿ,” ಅಂದಳು.

ಆಕೆಯ ಕಿಟಕಿಯಲ್ಲಿ ನಾನು ಕೂತು ಬಂದಿದ್ದೆ. ನನ್ನ ಕೈಯನ್ನು ಆಕೆ ಒಂದು ಗಳಿಗೆ ಇಟ್ಟುಕೊಂಡರೆ ಏನಾಯಿತು? ಒಂದೇ ಊರಿನವರಾದ ಮೇಲೆ ಇಷ್ಟು ಕೊಡುವುದು ತೊಗೊಳ್ಳುವುದು ಇರಲೇಬೇಕು. ಮನೆಗೆ ಹೋಗಲು ಬಸ್ ಸ್ಟ್ಯಾಂಡಿಗೆ ಬಂದಾಗ ಅದೇ ಕಂಟ್ರೋಲರ್ ಕೂತಿದ್ದ. “ಸಿಕ್ಕಿತೇನಬೇ ಯವ್ವಾ ನಿಮ್ಮ ಹೊಳೆಗೇರಿ?” ಅಂದ.

“ಅಲ್ಲಿಂದಽ ಬಂದೇನಿ ತಮ್ಮಾ,” ಅಂದೆ.