ಭಂಡಾರ ಹಚ್ಚಿದ ಚೌಕಟ್ಟು

ಮನೆ ಕಟ್ಟುವ ಮೇಸ್ತ್ರಿಗಳು ಊರಿಗೆ ಹತ್ತು ಜನ ಸಿಗುತ್ತಾರೆ. ಕೆಡವುವ ಮೇಸ್ತ್ರಿ ಬೇಕೆಂದರೆ ಮಕ್ತಲ್, ನಾರಾಯಣಪೇಟೆ ಸೀಮೆಯ ಜನ ಒಂದೇ ಹೆಸರು ಹೇಳುತ್ತಿದ್ದರು: ತಾಯಪ್ಪ. ಮಕ್ತಲ್ ಹತ್ತಿರದ ಹಳ್ಳಿಯ ಕುರುಬರವನು. ಅಪ್ಪನ ಕುರಿಗಳು ರೋಗಕ್ಕೆ ಸತ್ತ ಮೇಲೆ ಕೋಲು ಬಿಟ್ಟು ಹಾರೆ ಹಿಡಿದ. ಕಟ್ಟುವವನಿಗೆ ಕಣ್ಣು ಸಾಕು, ಕೆಡವುವವನಿಗೆ ಕಿವಿ ಬೇಕು ಅನ್ನುತ್ತಿದ್ದ. ಹಾರೆಯ ತುದಿಯಿಂದ ಗೋಡೆ ಬಡಿದು, ಸಪ್ಪಳ ಕೇಳಿ, ಯಾವ ಕಲ್ಲು ಗಟ್ಟಿ, ಯಾವುದು ಪೊಳ್ಳು ಎಂದು ಹೇಳುತ್ತಿದ್ದ. ಅರವತ್ತು ಮನೆ ಕೆಡವಿದ್ದ, ಒಬ್ಬನ ಉಗುರೂ ಹಾರಿರಲಿಲ್ಲ. ಆ ಜಂಬ ಅವನಿಗೆ ಇದ್ದೇ ಇತ್ತು. ಕೆಲಸ ಬಲ್ಲವನಿಗೆ ಒಂದಿಷ್ಟು ಜಂಬ ಇದ್ದರೆ ತಪ್ಪೇನಿಲ್ಲ ಬಿಡಿ. ಆದರೆ ಅದು ಕಿವಿ ಮುಚ್ಚಿಸುತ್ತದೆ ಎಂದು ಅವನಿಗೆ ತಿಳಿಯುವ ಹೊತ್ತಿಗೆ ಇಬ್ಬರು ಸತ್ತಿದ್ದರು.

ಅವನ ಕಸುಬಿಗೆ ಒಂದು ಕಟ್ಟಳೆ ಇತ್ತು. ಮನೆಯ ಮೊದಲ ಕಲ್ಲು ಬೀಳುವ ಮುಂಚೆ ತಲೆಬಾಗಿಲ ಚೌಕಟ್ಟು ಇಡಿಯಾಗಿ ಹೊರಗೆ ಬರಬೇಕು. ಹೊಸ್ತಿಲಲ್ಲಿ ಲಕ್ಷ್ಮಿ ಇರುತ್ತಾಳೆ, ಅವಳ ತಲೆಯ ಮೇಲೆ ಮನೆ ಕೆಡವಬಾರದು. ಬೀರಪ್ಪನ ಗುಡಿಯಿಂದ ತಂದ ಭಂಡಾರ, ಅಂದರೆ ಅರಿಶಿನದ ಪುಡಿ, ಚೌಕಟ್ಟಿಗೆ ಹಚ್ಚಬೇಕು. ಆಮೇಲೆ ಕೆಲಸಗಾರರಲ್ಲಿ ಗಂಡ ಹೆಂಡತಿಯಾದ ಒಂದು ಜೋಡಿ ಆಚೆಗೊಬ್ಬರು ಈಚೆಗೊಬ್ಬರು ನಿಂತು, ಅದನ್ನು ಮಲಗಿಸದೆ, ಹಿಡಿದುಕೊಂಡೇ ಹೊರಗೆ ತರಬೇಕು. ಹಾಗಂತ ತಾಯಪ್ಪ ಬರೀ ಭಕ್ತನಲ್ಲ. ಚೌಕಟ್ಟು ಸರಿದರೆ ಮೇಲಿನ ಗೋಡೆಯ ಭಾರ ಹೊರುವವರು ಯಾರು? ಅದಕ್ಕೇ ಮೊದಲು ನಾಲ್ಕು ಕಬ್ಬಿಣದ ಜಾಕಿ ನಿಲ್ಲಿಸಿ ಗೋಡೆಗೆ ಆಸರೆ ಕೊಡುತ್ತಿದ್ದ. ದೇವರಿಗೆ ಭಂಡಾರ, ಗೋಡೆಗೆ ಜಾಕಿ, ಇದು ಅವನ ಲೆಕ್ಕ.

ತೆಲಂಗಾಣ ಬಂತು. ಕೆಲವು ವರ್ಷಕ್ಕೆ ನಾರಾಯಣಪೇಟೆ ಜಿಲ್ಲೆಯಾಯಿತು, ಜಿಲ್ಲೆಗೆ ಅಗಲವಾದ ರಸ್ತೆ ಬೇಕಾಯಿತು. ಬಜಾರಿನ ಹಳೇ ಮನೆಗಳ ಮೇಲೆ ಕೆಂಪು ಗೆರೆ ಬಿತ್ತು. ಅಲ್ಲಿನ ಒಬ್ಬ ಸಾಹುಕಾರನ ಎರಡಂತಸ್ತಿನ ಮನೆ ಕೆಡವುವ ಗುತ್ತಿಗೆ ನರೇಂದರ್ ಎಂಬವನಿಗೆ ಸಿಕ್ಕಿತು. ಅವನು ತಾಯಪ್ಪನನ್ನು ಕರೆಸಿದ. ಸಾಹುಕಾರನದು ಒಂದೇ ಹಟ: ನಾಳೆ ಅಮಾವಾಸ್ಯೆ, ಚೌಕಟ್ಟು ಇವತ್ತೇ ಹೊರಗೆ ಬರಬೇಕು, ಅದಕ್ಕೆ ಯಂತ್ರ ಮುಟ್ಟಬಾರದು.

ಆ ದಿನ ಬೆಳಿಗ್ಗೆ ತಾಯಪ್ಪ ಬಂದು ನೋಡಿದರೆ ಜಾಕಿಗಳಿಲ್ಲ. ನರೇಂದರನಿಗೆ ಫೋನ್ ಹಚ್ಚಿದ.

"ಜಾಕಿ ಬಂದಿಲ್ರಿ ಸೇಠ್."

"ಅವು ಗದ್ವಾಲದಾಗ ಸ್ಲ್ಯಾಬಿನ ಕೆಳಗ ನಿಂತಾವ. ಕಿತ್ತು ತರಲೇನು? ನಾಳಿ ಜೆಸಿಬಿ ಹಚ್ಚಬೇಕು. ಅರವತ್ತು ಮನಿ ಕೆಡವಿದವ ನೀನು, ನಾಕು ಪೈಪಿಗೆ ಅಳ್ತೀ ಏನು?"

ಆ ಕೊನೆಯ ಮಾತು ನಾಟಿತು. ಬೈದಿದ್ದರೆ ತಾಯಪ್ಪ ತಿರುಗಿ ಬೈಯುತ್ತಿದ್ದ, ಹೊಗಳಿದ್ದಕ್ಕೆ ಬಗ್ಗಿದ. ಹಾರೆಯಿಂದ ಗೋಡೆ ಬಡಿದ. ಎಡಗಡೆ ಗಟ್ಟಿ ಸಪ್ಪಳ. ಬಲಗಡೆ, ಬಾಗಿಲ ಮೇಲ್ಗಡೆ, ಒಂದು ಕಡೆ ಪೊಳ್ಳು ಸಪ್ಪಳ ಬಂತು. ಅವನ ಕಿವಿಗೆ ಅದು ಕೇಳಿಸಿತು. ಕೇಳಿಸಲಿಲ್ಲ ಎಂದು ಅವನು ಆಮೇಲೂ ಯಾವತ್ತೂ ಹೇಳಲಿಲ್ಲ.

ಚೌಕಟ್ಟು ಹಿಡಿಯಲು ನಿಂತ ಗಂಡ ಹೆಂಡತಿ ಬಾಲಯ್ಯ, ಕಿಷ್ಟಮ್ಮ. ಬಾಲಯ್ಯ ಬೇರೆ ಯಾರೂ ಅಲ್ಲ, ತಾಯಪ್ಪನ ಸ್ವಂತ ಅಕ್ಕ ಬುಚ್ಚಮ್ಮನ ಒಬ್ಬನೇ ಮಗ. ಸುತ್ತಲಿನ ಗಾರೆ ಬಿಡಿಸಿದ ಮೇಲೆ ಕಿಷ್ಟಮ್ಮ ತಲೆ ಎತ್ತಿ ನೋಡಿದಳು.

"ಮಾವಾ, ಮ್ಯಾಲಿಂದ ಮಣ್ಣು ಉದರಾಕತ್ತೈತ್ರಿ."

ತಾಯಪ್ಪ ಚೀಲದಿಂದ ಭಂಡಾರ ತೆಗೆದು ಚೌಕಟ್ಟಿಗೆ ಇನ್ನೊಂದು ಸಲ ಹಚ್ಚಿದ. "ಬೀರಪ್ಪ ಅದಾನ, ಏನೂ ಆಗಂಗಿಲ್ಲ. ಹಿಡೀರಿ."

ಹಿಡಿದರು. ಎಳೆದರು. ಚೌಕಟ್ಟು ಒಂದು ಗೇಣು ಸರಿದದ್ದೇ ತಡ, ಇಡೀ ಗೋಡೆ ಮಂಡಿ ಮಡಿಸಿ ಕೂತಿತು. ಹೊಟ್ಟೆ ಒಡೆದ ಹಾಗೆ ಕಲ್ಲು, ಮಣ್ಣು, ತೊಲೆ ಎಲ್ಲ ಬಾಗಿಲ ಮೇಲೆ ಸುರಿಯಿತು. ಬಾಲಯ್ಯ "ಯವ್ವಾ" ಅಂದದ್ದು ಅರ್ಧ ಕೇಳಿಸಿತು. ಧೂಳು ಇಳಿದಾಗ ಕಂಡದ್ದು ಕಿಷ್ಟಮ್ಮನ ಒಂದು ಕೈ ಮಾತ್ರ, ಬಳೆ ಒಡೆದು ಮಾಂಸಕ್ಕೆ ನಾಟಿತ್ತು. ತಾಯಪ್ಪ ಬರಿಗೈಯಲ್ಲಿ ಕಲ್ಲು ಕಿತ್ತ, ಉಗುರು ಕಿತ್ತು ಬಂದವು. ಬಾಲಯ್ಯನ ಎದೆಯ ಮೇಲೆ ಬಿದ್ದಿದ್ದ ಕಲ್ಲುಗಳನ್ನು ಸರಿಸಿದಾಗ ಬಾಯಿಂದ ರಕ್ತ ಒಮ್ಮೆ ಉಕ್ಕಿ ನಿಂತಿತು. ತಲೆಯ ಒಂದು ಮಗ್ಗುಲು ಇರಲೇ ಇಲ್ಲ.

ಬೀದಿಯಲ್ಲಿ ಜನ ತುಂಬಿದರು. ನಾಳಿನ ಕೆಲಸಕ್ಕೆಂದು ತಂದು ನಿಲ್ಲಿಸಿದ ಜೆಸಿಬಿ ಎದುರಿಗೇ ಇತ್ತು. ಎಂಜಿನ್ ಬಂದ್ ಆಗಿ ಒಂದು ತಾಸಾಗಿತ್ತು. ಅದರ ಡ್ರೈವರ್ ಭೀಮಶಂಕರ್ ಹೋಟೆಲಿನ ಮುಂದೆ ಚಹಾ ಕುಡಿಯುತ್ತಿದ್ದ. "ಜೆಸಿಬಿ ಗುದ್ದೈತಿ, ಹಿಡೀರಿ ಆ ಸೂಳೆಮಗನ್ನ" ಎಂದು ಯಾರೋ ಕೂಗಿದ. ಯಾರು ಕೂಗಿದರೆಂದು ಇವತ್ತಿಗೂ ಗೊತ್ತಿಲ್ಲ. ಗುಂಪಿಗೆ ಕೂಗು ಸಾಕು, ಪುರಾವೆ ಬೇಕಿಲ್ಲ. ಚಹಾದ ಗ್ಲಾಸು ಕೈಯಲ್ಲಿರುವಾಗಲೇ ಅವನನ್ನು ಕೆಡವಿದರು. ಹೊಟ್ಟೆಗೆ ಒದ್ದರು. ಯಂತ್ರ ನಡೆಸುವ ಕೈ ಇದೇ ಎಂದು ಬಲಗೈಯನ್ನು ಜೆಸಿಬಿಯ ಮೆಟ್ಟಿಲ ಮೇಲೆ ಇಟ್ಟು ಕಲ್ಲಿನಿಂದ ಜಜ್ಜಿದರು. "ನಾ ಕೆಳಗಿದ್ದೆ ರೀ, ನಾ ಕೆಳಗಿದ್ದೆ" ಎಂದು ಕಿರುಚುತ್ತಿದ್ದ. ಚಹಾ ಕೊಟ್ಟ ಹೋಟೆಲಿನವನು ಒಳಗೆ ಸರಿದು ಬಾಗಿಲು ಎಳೆದುಕೊಂಡ.

ತಾಯಪ್ಪ ಹಾರೆ ಹಿಡಿದು ಅಲ್ಲಿಗೆ ಬಂದ. ಜನ ದಾರಿ ಬಿಟ್ಟರು. ಅವನು ಹಾರೆ ಎತ್ತಿ ಭೀಮಶಂಕರನ ಮೊಣಕಾಲಿಗೆ ಹೊಡೆದ. ಮೂಳೆ ಮುರಿದ ಸಪ್ಪಳವನ್ನೂ ಆ ಕಿವಿ ಕೇಳಿತು. ಯಾಕೆ ಹೊಡೆದೆ ಎಂದರೆ ಅವನ ಹತ್ತಿರ ಉತ್ತರವಿತ್ತು, ಅದೇ ಅವನನ್ನು ಸುಡುತ್ತಿತ್ತು: ಜನ ತನ್ನ ಕಡೆ ತಿರುಗಬಾರದೆಂದು. ಥೂ, ಮನುಷ್ಯ ಹೆದರಿದರೆ ನಾಯಿಗಿಂತ ಕಡೆ.

ಸಂಜೆ ಆಸ್ಪತ್ರೆಯ ಅಂಗಳದಲ್ಲಿ ನರೇಂದರ್ ಅವನ ಹೆಗಲ ಮೇಲೆ ಕೈ ಇಟ್ಟ. "ಕೇಸು ಡ್ರೈವರನ ಮ್ಯಾಲೆ ಬಿದ್ದೈತಿ. ಯಂತ್ರ ತಾಗಿದ್ದು ನೋಡೀನಿ ಅಂತ ನೀ ಸಾಕ್ಷಿ ಹೇಳು. ನೀನೂ ಉಳದಿ, ನಾನೂ ಉಳದೆ." ಒಳಗೆ ಭೀಮಶಂಕರ್ ಕೈಕಾಲಿಗೆ ಕಟ್ಟು ಹಾಕಿಸಿಕೊಂಡು ಮಲಗಿದ್ದ, ಮಂಚದ ಪಕ್ಕ ಒಬ್ಬ ಪೊಲೀಸ್ ಕೂತಿದ್ದ. ತಾಯಪ್ಪ ಹೂಂ ಅಂದ.

ಮೂರನೇ ದಿನ ಬುಚ್ಚಮ್ಮ ತಮ್ಮನಿಗೆ ಬೀರಪ್ಪನ ಗುಡಿಗೆ ಬರಲು ಹೇಳಿ ಕಳಿಸಿದಳು. ಊರ ಕುರುಬರೆಲ್ಲ ಕಟ್ಟೆಯ ಮೇಲೆ ಕೂತಿದ್ದರು. ಮಗನ ಎದೆಯ ಮೇಲಿದ್ದ ಕಲ್ಲುಗಳಲ್ಲಿ ಒಂದನ್ನು ಅವಳು ಹೆಣದ ಗಾಡಿಯಲ್ಲೇ ತಂದಿದ್ದಳು. ಎರಡು ಮುಷ್ಟಿಯಷ್ಟಿತ್ತು, ರಕ್ತ ಕಪ್ಪಾಗಿ ಅಂಟಿತ್ತು. ಅದನ್ನು ಪಕ್ಕದಲ್ಲಿಟ್ಟುಕೊಂಡು ತಾಯಪ್ಪನ ಅಂಗೈಗೆ ಭಂಡಾರ ಸುರಿದಳು.

"ತಮ್ಮಾ, ಆ ಡ್ರೈವರ ನನ್ನ ಮಗನ್ನ ಕೊಂದಾನೇನು? ಭಂಡಾರ ಹಿಡಿದು ಹೇಳು. ಅವನ ಹೆಂಡತಿ ನಿನ್ನೆ ನನ್ನ ಕಾಲು ಹಿಡಕೊಂಡು ಅತ್ತು ಹೋದಳು."

ಭಂಡಾರ ಹಿಡಿದು ಸುಳ್ಳಾಡಿದರೆ ವಂಶ ಉಳಿಯುವುದಿಲ್ಲ ಎಂಬುದು ಅವರ ನಂಬಿಕೆ. ಆದರೆ ತಾಯಪ್ಪನನ್ನು ಹೆದರಿಸಿದ್ದು ಅದಲ್ಲ. ಇದೇ ಪುಡಿ ಚೌಕಟ್ಟಿಗೆ ಹಚ್ಚಿ ಇಬ್ಬರನ್ನು ಗೋಡೆಯ ಕೆಳಗೆ ನಿಲ್ಲಿಸಿದ್ದ ಕೈ ಇದೇ.

"ಡ್ರೈವರ ಚಾ ಕುಡಿಯಾಕತ್ತಿದ್ದ ಅಕ್ಕಾ. ಜಾಕಿ ಇರಲಿಲ್ಲ. ನರೇಂದರ ಕೊಡಲಿಲ್ಲ. ಗ್ವಾಡಿ ಪೊಳ್ಳಿತ್ತು, ನಂಗ ಗೊತ್ತಿತ್ತು. ಕಿಷ್ಟಮ್ಮ ಮಣ್ಣು ಉದರತೈತಿ ಅಂದ್ಲು. ನಾನೇ ಹಿಡೀರಿ ಅಂದೆ. ಆಮ್ಯಾಲೆ ಆ ಬಡವನ ಕಾಲು ಮುರದೆ."

ಮೊದಲ ಒದೆ ಬೆನ್ನಿಗೆ ಬಿತ್ತು. ಆಮೇಲೆ ಎಷ್ಟು ಬಿದ್ದವೋ. ಕೆನ್ನೆ ಹರಿಯಿತು, ಎರಡು ಹಲ್ಲು ಮಣ್ಣಿಗೆ ಬಿದ್ದವು. ಅವನು ಕೈ ಅಡ್ಡ ಹಿಡಿಯಲಿಲ್ಲ. ಒಬ್ಬ ಕೊಡಲಿ ತರಲು ಎದ್ದಾಗ ಬುಚ್ಚಮ್ಮ ನಡುವೆ ಬಂದಳು.

"ಬಿಡ್ರೋ! ಇವ ಸತ್ರ ಇದನ್ನ ಠಾಣಾದಾಗ ಹೇಳೋರು ಯಾರು? ನಿಮ್ಮಪ್ಪ ಹೇಳ್ತಾನೇನು?"

ಕಲ್ಲನ್ನು ಸೆರಗಲ್ಲಿ ಕಟ್ಟಿಕೊಂಡಳು. "ನಡಿ ಮುಂದ. ದಾರಿಯಾಗ ಮಾತು ತಿರುವಿದಿ ಅಂದ್ರ ಇದರಿಂದನ ನಿನ್ನ ತಲಿ ಒಡೀತೀನಿ."

ಬಸ್ಸಿನಲ್ಲಿ ತಾಯಪ್ಪ ಮುಂದೆ ಕೂತ, ಅವಳು ಹಿಂದಿನ ಸೀಟಿನಲ್ಲಿ. ಕಂಡಕ್ಟರ್ ಅವನ ಬಾತ ಮುಖ ನೋಡಿದ, ಅವಳ ಮಡಿಲಿನ ಕಲ್ಲು ನೋಡಿದ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಕಾಲ, ಅವನೊಬ್ಬನ ದುಡ್ಡು ತೆಗೆದುಕೊಂಡು ಮುಂದೆ ಹೋದ. ದಾರಿಯುದ್ದಕ್ಕೂ ತಾಯಪ್ಪ ತಿರುಗಿ ನೋಡಲಿಲ್ಲ. ಅಕ್ಕನ ಉಸಿರು ಕತ್ತಿಗೆ ತಾಗುತ್ತಿತ್ತು. ಅವನನ್ನು ಚಿಕ್ಕಂದಿನಲ್ಲಿ ಬೆನ್ನಿಗೆ ಕಟ್ಟಿಕೊಂಡು ಕುರಿ ಕಾಯ್ದವಳು ಅವಳು.

ಠಾಣೆಯಲ್ಲಿ ಎಸ್ಸೈ ಎಲ್ಲ ಕೇಳಿದ. ಡ್ರೈವರನನ್ನು ಬಿಡಬೇಕಾಗುತ್ತದೆ ಎಂದ. ಹಾಳೆ ತೆಗೆದು ತಾಯಪ್ಪನ ಹೆಸರು ಬರೆದ. ಬರೆದು ಪೆನ್ನು ಮುಚ್ಚಿದ.

"ನರೇಂದರಂದು ಬರದ್ರೇನ್ರಿ?" ಬುಚ್ಚಮ್ಮ ಕೇಳಿದಳು.

"ಮೇಸ್ತ್ರಿ ಒಪ್ಪಿಕೊಂಡಿದ್ದಾನಲ್ಲ ಅಮ್ಮಾ. ಗುತ್ತೇದಾರ ಆ ಹೊತ್ತಿಗೆ ಅಲ್ಲಿ ಇರಲೇ ಇಲ್ಲ. ಅದು ಆಮೇಲೆ ನೋಡೋಣ" ಎಂದು ಎಸ್ಸೈ ತೆಲುಗಿನಲ್ಲಿ ಹೇಳಿದ.

ಬುಚ್ಚಮ್ಮ ಸೆರಗು ಬಿಚ್ಚಿ ಕಲ್ಲನ್ನು ಧಡ್ ಎಂದು ಆ ಹಾಳೆಯ ಮೇಲೆ ಇಟ್ಟಳು. ಪೇದೆಗಳು ಎದ್ದು ನಿಂತರು.

"ಅವ ಅಲ್ಲಿರಲಿಲ್ಲ, ಖರೇ. ಅವನ ಜಾಕಿನೂ ಅಲ್ಲಿರಲಿಲ್ಲ. ಅದಕ್ಕ ನನ್ನ ಮಗ ಸತ್ತ. ಇದನ್ನ ಬರೀರಿ. ಬರಿಯೋತನಕ ಈ ಕಲ್ಲೂ ಏಳಂಗಿಲ್ಲ, ನಾನೂ ಏಳಂಗಿಲ್ಲ."

ಎಸ್ಸೈ ಕಲ್ಲಿನ ಮೇಲಿನ ಕಪ್ಪು ಕಲೆಯನ್ನೂ ಮುದುಕಿಯ ಮುಖವನ್ನೂ ನೋಡಿದ. ಕೊನೆಗೆ ಬೇರೆ ಹಾಳೆ ಎಳೆದುಕೊಂಡ.

"ಇಬ್ಬರದೂ ಬರೀತೀನಮ್ಮಾ. ಗುತ್ತೇದಾರನದು ಮೊದಲು ಹಾಕಲೇನು?"

"ಬ್ಯಾಡ್ರಿ" ಎಂದಳು ಬುಚ್ಚಮ್ಮ. "ಹಿಡೀರಿ ಅಂದಾವ ನನ್ನ ತಮ್ಮ. ಮೊದಲು ಇವಂದ ಬರೀರಿ."

ತಾಯಪ್ಪ ಬಾಯಿಯ ರಕ್ತ ಒರೆಸಿಕೊಂಡು ತನ್ನ ಹೆಸರು, ತಂದೆಯ ಹೆಸರು, ಊರು ಹೇಳಿದ.