ಡಬಲ್ ಸೀಟ್ ಕೇಸು ಗೆದ್ದ ಬಗೆ

ಗೆಳೆಯರೇ, ಇವತ್ತು ಜಮಖಂಡಿ ಕೋರ್ಟಿನಲ್ಲಿ ಗೆದ್ದೆನೋ ಸೋತೆನೋ, ನನಗೇ ತಿಳಿಯುತ್ತಿಲ್ಲ.

ಹೋದ ತಿಂಗಳು ಬನಹಟ್ಟಿಯಲ್ಲಿ ತುಂತುರು ಮಳೆಯೆಂದು ನೂಲಿನ ಗಂಟಿಗೆ ಹೆಂಡತಿಯ ಸೀರೆ ಸುತ್ತಿ, ಸೈಕಲ್ಲಿನ ಕ್ಯಾರಿಯರ್ ಮೇಲೆ ನಿಲ್ಲಿಸಿ ಕಟ್ಟಿಕೊಂಡು ಬರುತ್ತಿದ್ದೆ. ಸಂಜೆಗತ್ತಲಲ್ಲಿ ಪರಿಚಯದ ಪೇದೆಯೊಬ್ಬ ಸೀಟಿ ಊದಿದ. ಬ್ರೇಕ್ ಹಿಡಿಯಲಿಲ್ಲ, ಮುಂದೆ ಹೋಗಿಬಿಟ್ಟೆ. ಒಂದೇ ಸೈಕಲ್ಲಿನಲ್ಲಿ ಇಬ್ಬರು ಹೋಗುವುದು ಅಪರಾಧ, ಡಬಲ್ ಸೀಟ್ ಎಂದು ಮರುದಿನ ಹಿಡಿದೊಯ್ದು ಕೇಸು ಹಾಕಿದ.

ಇವತ್ತು ಅವನ ಸಾಕ್ಷಿ: “ಹಿಂದ ಹೆಣ್ಮಗಳು ಕುಂತಿದ್ಳ್ರೀ ಸಾಹೇಬ್ರ. ಹಸರ ಸೀರಿ, ಕೆಂಪ ದಡಿ.”

“ಯಾರು ಆಕೆ?” ಎಂದರು ಜಡ್ಜ್.

“ಮಾರಿ ಕಂಡಿಲ್ರೀ.”

ನಾನು ಗಂಟಿನ ಸಂಗತಿ ಹೇಳಿದೆ. ಜಡ್ಜ್ ನಕ್ಕು ಕೇಸು ವಜಾ ಮಾಡಿದರು.

ಹೊರಗೆ ಬಂದರೆ, ಜೊತೆಗೆ ಬಂದು ಎಲ್ಲ ಕೇಳಿಸಿಕೊಂಡಿದ್ದ ಹೆಂಡತಿ ನಗಲಿಲ್ಲ. “ಸಾಹೇಬ್ರು ನಂಬಿದ್ರು, ಛಲೋ ಆತು. ನನ್ನ ಸೀರಿ ಉಟಗೊಂಡು ಕುಂತಾಕಿ ಯಾರು, ಖರೆ ಹೇಳ್ರಿ.”

ಇದಕ್ಕೆ ಅಪೀಲು ಎಲ್ಲಿ ಹಾಕುವುದು?